ಎಂಟರಿಂದ ಹನ್ನೆರಡರ ಪಾಳಿ

"ಗುರುಗಳೇ, ದೊಡ್ಡ ಗುರುಗಳ ಚಿತ್ರಪಟ ಐದು ಅಡಿ ಇದ್ದರೆ ಸಾಕೇ, ಏಳು ಅಡಿ ಬೇಕೇ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಅಳತೆಯ ಟೇಪು ಇತ್ತು. ಮುಂದಿನ ವಾರ ದೊಡ್ಡ ಗುರುಗಳ ವರ್ಷದ ಆರಾಧನೆ. ದೊಡ್ಡ ಗುರುಗಳೆಂದರೆ ನಮ್ಮ ಗುರುಗಳ ಗುರುಗಳು. ನಲವತ್ತು ವರ್ಷ ಆಶ್ರಮದ ಬಾಗಿಲಲ್ಲಿ ಒಂದು ಮಣ್ಣಿನ ಹರವಿ ಇಟ್ಟುಕೊಂಡು, ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು, ತಮ್ಮ ಕೈಯಾರೆ ಮಜ್ಜಿಗೆ ಕೊಟ್ಟ ಪುಣ್ಯಾತ್ಮರು. ಅವರು ದೇವರ ಪಾದ ಸೇರಿದ ಮರುದಿನವೇ ನಮ್ಮ ಗುರುಗಳು ಯಾತ್ರೆಗೆ ಹೊರಟಿದ್ದರು. ಅವರು ಮರಳುವಷ್ಟರಲ್ಲಿ ನಾವು ಆ ಹರವಿಯನ್ನು ತೊಳೆದು, ಒಣಗಿಸಿ, ಪೂಜೆಯ ಕೋಣೆಯಲ್ಲಿ ಪೀಠದ ಮೇಲೆ ಇಟ್ಟಿದ್ದೆವು. ದಿನವೂ ಅದಕ್ಕೆ ಹೂವು, ಊದುಬತ್ತಿ. ಮಜ್ಜಿಗೆಯ ವಾಸನೆ ಪೂರ್ತಿ ಹೋಗಿ ಈಗ ಬಹಳ ಪವಿತ್ರವಾದ ವಾಸನೆ ಬರುತ್ತಿತ್ತು.

ಗುರುಗಳು ಯಾತ್ರೆ ಮುಗಿಸಿ ಬಂದು ಒಂದೇ ದಿನವಾಗಿತ್ತು. ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದರು.

"ನಿನಗೆ ಹೇಗೆ ತೋರುತ್ತದೆ?" ಎಂದರು.

"ಏಳು ಅಡಿಯಾದರೆ ಗೌರವ. ಆದರೆ ಬಾಗಿಲು ಇರುವುದು ಆರೂವರೆ. ಪಟ ಒಳಗೆ ಬರುವುದಿಲ್ಲ. ಅಡ್ಡಡ್ಡ ಮಲಗಿಸಿ ತರೋಣವೆಂದರೆ, ಗುರುಗಳನ್ನು ಹಾಗೆ ಮಲಗಿಸಿ ತರುವುದು ಸರಿಯಲ್ಲ ಎನ್ನುತ್ತಾರೆ. ಮೂರು ದಿನದಿಂದ ನಿದ್ದೆಯಿಲ್ಲ. ದೊಡ್ಡವರನ್ನು ನೆನೆಯುವುದು ಹೇಗೆ ಎಂದು ತಾವೇ ಹೇಳಬೇಕು."

ಗುರುಗಳು ನಕ್ಕರು. "ಟೇಪು ಕೆಳಗಿಟ್ಟು ಕೂತುಕೋ" ಎಂದು ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ನಾವಿಕನಿದ್ದ. ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಹಡಗಿನ ಯಂತ್ರದ ಕೋಣೆಯಲ್ಲಿ ದುಡಿದು ನಿವೃತ್ತನಾಗಿ ಬಂದವನು. ಅವನ ಹೆಸರು ಬೇಡ. ಹೆಸರು ಹೇಳಿದರೆ ಅದಕ್ಕೂ ಒಂದು ಫಲಕ ಮಾಡಿಸುತ್ತೀರಿ.

ಊರಿಗೆ ಬಂದ ವಾರದಲ್ಲೇ ಅವನು ತನ್ನದೊಂದು ಕಾಗದಕ್ಕಾಗಿ ಸರ್ಕಾರಿ ಕಚೇರಿಗೆ ಹೋದ. ಅಲ್ಲಿ ಒಬ್ಬ ಮುದಿ ಸಿಪಾಯಿ ಗೋಡೆಗೆ ಒರಗಿ ನಿಂತಿದ್ದ.

"ಯಾಕಪ್ಪಾ ನಿಂತಿದ್ದೀ?" ಎಂದ ನಾವಿಕ.

"ನಾಳೆ ಬಾ ಎಂದಿದ್ದಾರೆ."

"ಯಾವಾಗ ಹಾಗೆಂದರು?"

"ಹೋದ ಮಳೆಗಾಲದಲ್ಲಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಾವಿಕ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದು, ಕಚೇರಿಯ ಎದುರು ಮರದ ಕೆಳಗಿದ್ದ ಕಲ್ಲುಬೆಂಚಿನ ಮೇಲೆ ಕೂತ. ಪೆಟ್ಟಿಗೆಯಲ್ಲಿ ಪೆನ್ನು, ಅಂಟು, ಗುಂಡುಸೂಜಿ, ಹೆಬ್ಬೆಟ್ಟಿನ ಮಸಿ ಇದ್ದವು. ಹನ್ನೆರಡಕ್ಕೆ ಎದ್ದು ಮನೆಗೆ ಹೋದ. ಹೀಗೆ ಮೂವತ್ತೊಂದು ವರ್ಷ ನಡೆಯಿತು.

ಸೇನೆ ಬಿಟ್ಟು ಬಂದವರು, ಗಾಯವಾದವರು, ಸತ್ತವರ ಹೆಂಡಂದಿರು, ಯಾರು ಬಂದರೂ ಅವನು ಅರ್ಜಿ ಬರೆದುಕೊಡುತ್ತಿದ್ದ. ಬರೆದುಕೊಟ್ಟು ಅಲ್ಲಿಗೇ ಬಿಡುತ್ತಿರಲಿಲ್ಲ. ಅವರ ಜೊತೆ ಕಚೇರಿಯೊಳಗೂ ನಡೆಯುತ್ತಿದ್ದ. ಆಸ್ಪತ್ರೆಯಾದರೆ ಆಸ್ಪತ್ರೆಗೂ ಹೋಗುತ್ತಿದ್ದ. ಒಮ್ಮೆ ಒಬ್ಬ ಸೈನಿಕನ ದಾಖಲೆಯಲ್ಲಿ ಅವನ ಎತ್ತರವನ್ನು ಒಂದು ಅಡಿ ಕಡಿಮೆ ಬರೆದಿದ್ದರು. ದಾಖಲೆಯವನು ಇವನಲ್ಲ ಎಂದು ಗುಮಾಸ್ತ ಹಟ ಹಿಡಿದ. ನಾವಿಕ ಆ ಸೈನಿಕನನ್ನು ಗುಮಾಸ್ತನ ಮೇಜಿನ ಪಕ್ಕದಲ್ಲೇ ನಿಲ್ಲಿಸಿ, "ದಾಖಲೆಯಲ್ಲಿ ಇರುವಷ್ಟನ್ನು ತಾವು ಇಟ್ಟುಕೊಳ್ಳಿ. ಮೇಲಿನ ಒಂದು ಅಡಿಯನ್ನು ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ" ಎಂದ. ಅಂದೇ ತಿದ್ದುಪಡಿಯಾಯಿತು.

ಭಾನುವಾರವೂ ಅವನು ಬೆಂಚಿನ ಮೇಲೆ ಇರುತ್ತಿದ್ದ. "ಕಚೇರಿಗೆ ಬೀಗ ಹಾಕಿದೆ, ನೀನು ಯಾಕೆ ಕೂತಿದ್ದೀ?" ಎಂದು ಯಾರಾದರೂ ಕೇಳಿದರೆ, "ಭಾನುವಾರವೆಂದು ಹಡಗನ್ನು ನಡುನೀರಿನಲ್ಲಿ ಬಿಟ್ಟು ಮನೆಗೆ ಹೋಗಲಾಗುತ್ತದೆಯೇ?" ಎನ್ನುತ್ತಿದ್ದ.

ಮಗೂ, ಇಲ್ಲಿ ಹಡಗಿನ ಒಂದು ಪದ್ಧತಿ ನಿನಗೆ ಗೊತ್ತಿರಬೇಕು. ಹಡಗಿನಲ್ಲಿ ಕಾವಲು ಪಾಳಿಯ ಮೇಲೆ ನಡೆಯುತ್ತದೆ. ನಾಲ್ಕು ತಾಸಿಗೆ ಒಬ್ಬ. ಮುಂದಿನವನು ಬಂದಾಗ ಮೊದಲಿನವನು, ಎದುರಿಗೆ ಏನೇನು ಕಾಣುತ್ತಿದೆ ಎಂದು ಮೊದಲು ಹೇಳಬೇಕು. ಬಂಡೆ ಇದ್ದರೆ ಬಂಡೆ, ದೋಣಿ ಇದ್ದರೆ ದೋಣಿ. ಆಮೇಲೆ "ಪಾಳಿ ನಿನ್ನದು" ಎನ್ನಬೇಕು. ಬಂದವನು "ಪಾಳಿ ನನ್ನದು" ಎನ್ನಬೇಕು. ಅವನು ಹಾಗೆನ್ನುವ ತನಕ ಮೊದಲಿನವನು ಕದಲುವಂತಿಲ್ಲ, ಜ್ವರ ಬಂದಿದ್ದರೂ ಕದಲುವಂತಿಲ್ಲ. ಇವನು ಒಮ್ಮೆ ಅಂದ ಮೇಲೆ ಹಿಂದೆ ತೆಗೆದುಕೊಳ್ಳುವಂತಿಲ್ಲ. ನೀರಿನ ಮೇಲೆ ದುಡಿದವರ ಮೈಯಲ್ಲಿ ಈ ಎರಡು ಮಾತು ಉಪ್ಪಿನಂತೆ ಇಳಿದಿರುತ್ತವೆ.

ನಾವಿಕನಿಗೆ ಒಬ್ಬ ಸ್ನೇಹಿತನಿದ್ದ. ಅದೇ ಹಡಗಿನಲ್ಲಿ ಅಡುಗೆ ಮಾಡಿದವನು. ಇಪ್ಪತ್ತು ವರ್ಷ ಬೆಳಗಿನ ಮೂರೂವರೆಗೆ ಎದ್ದು ಒಲೆ ಹಚ್ಚಿದವನು. ನಿವೃತ್ತನಾದ ದಿನ ಅವನು ದೇವರ ಮುಂದೆ ನಿಂತು, ಇನ್ನು ಮುಂದೆ ತಿಂಡಿ ತಿಂದು ಒಂಬತ್ತಕ್ಕೆ ಮಲಗಿ ಹನ್ನೆರಡಕ್ಕೆ ಏಳುತ್ತೇನೆ ಎಂದು ಹರಕೆ ಹೊತ್ತಿದ್ದ. ಜನ ಏನೇನೋ ಹರಕೆ ಹೊರುತ್ತಾರೆ, ಮರೆಯುತ್ತಾರೆ. ಇಷ್ಟು ನಿಷ್ಠೆಯಿಂದ ನಡೆದ ಹರಕೆ ಆ ಸೀಮೆಯಲ್ಲಿ ಮತ್ತೊಂದಿರಲಿಲ್ಲ. ಅದಕ್ಕೇ ಅವನು ನಾವಿಕನ ಬೆಂಚಿನ ಕಡೆ ಒಂದು ದಿನವೂ ತಲೆ ಹಾಕಿರಲಿಲ್ಲ. ಎದ್ದ ಮೇಲೆ ಊಟ ಕಟ್ಟಿಕೊಂಡು ಹೋಗಿ ನಾವಿಕನ ಮನೆಯಲ್ಲಿ ಅವನ ಜೊತೆ ಕೂತು ಉಣ್ಣುತ್ತಿದ್ದ.

ಮುಪ್ಪಿನಲ್ಲಿ ನಾವಿಕ ಹಾಸಿಗೆ ಹಿಡಿದ. ನಾಲ್ಕನೆಯ ದಿನ ಬೆಳಿಗ್ಗೆ ಅವನ ಸುತ್ತ ಎಲ್ಲರೂ ಸೇರಿದರು. ನಿವೃತ್ತ ಸೈನಿಕರ ಸಂಘದ ಅಧ್ಯಕ್ಷನಾದ ಸುಬೇದಾರ ಬಂದಿದ್ದ. ಫಿರಂಗಿ ಹಾರಿಸಿ ಹಾರಿಸಿ ಕಿವಿ ಮಂದವಾಗಿದ್ದ ಒಬ್ಬ ಮುದುಕ ಬಂದಿದ್ದ. ಅಡುಗೆಯವನು ಗಂಜಿ ಮಾಡಲು ಬಂದಿದ್ದ. ಸುಬೇದಾರ ದೇವರನಾಮ ಹೇಳುತ್ತಿದ್ದ. ನಾವಿಕ ಮಾತ್ರ ಗೋಡೆಯ ಗಡಿಯಾರ ನೋಡುತ್ತಿದ್ದ. ಎಂಟು ಹೊಡೆಯಿತು. ಅವನ ಕಾಲು ಹೊದಿಕೆಯೊಳಗೆ ಮಿಸುಕಿತು.

"ಬೆಂಚಿನ ಹತ್ತಿರ ಮೂವರು ಕಾಯುತ್ತಿದ್ದಾರೆ" ಎಂದ ನಾವಿಕ. "ಒಬ್ಬನಿಗೆ ಕಣ್ಣಿನ ಆಸ್ಪತ್ರೆಗೆ ಚೀಟಿ ಬೇಕು. ಒಬ್ಬನ ಹೆಸರಿನಲ್ಲಿ ತಪ್ಪಿದೆ. ಒಬ್ಬಳಿಗೆ ಗಂಡ ಸತ್ತ ಕಾಗದ ಬಂದಿಲ್ಲ, ಅವಳನ್ನು ಮೊದಲು ಕರೆ. ಪಾಳಿ ನಿನ್ನದು."

ಹೇಳುವಾಗ ಅವನ ಕಣ್ಣು ಅಡುಗೆಯವನ ಮೇಲಿತ್ತು. ಅಡುಗೆಯವನು, ಒಲೆಯ ಮೇಲಿನ ಗಂಜಿ ಉಕ್ಕುತ್ತದೆಯೇನೋ ಎಂದು ಅಡುಗೆಮನೆಯ ಕಡೆ ಕಿವಿ ಇಟ್ಟಿದ್ದ. ಮಾತು ಕಿವಿಗೆ ಬಿದ್ದದ್ದೇ ತಡ, ಹಿಮ್ಮಡಿ ಕೂಡಿದವು, ಸೌಟು ಹಿಡಿದ ಕೈ ಹಣೆಗೆ ಹೋಯಿತು.

"ಪಾಳಿ ನನ್ನದು" ಎಂದುಬಿಟ್ಟ.

ನಾವಿಕ ಉಸಿರು ಬಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ನಿಂತವನು ಕೊನೆಗೂ ಕೂತಂತೆ ಇತ್ತು ಅವನ ಮುಖ. ಸ್ವಲ್ಪ ಹೊತ್ತಿನಲ್ಲಿ ದೇವರು ಅವನನ್ನು ಕರೆದುಕೊಂಡ.

ಎಲ್ಲರೂ ಅತ್ತರು. ಅಡುಗೆಯವನು ಎಲ್ಲರಿಗಿಂತ ಹೆಚ್ಚು ಅತ್ತ.

"ಏನು ಹೇಳಿಬಿಟ್ಟೆ ಮಾರಾಯ ನೀನು?" ಎಂದು ಫಿರಂಗಿಯವನು ಕೇಳಿದ.

"ನಾನೆಲ್ಲಿ ಹೇಳಿದೆ? ಬಾಯಿ ಹೇಳಿತು" ಎಂದ ಅಡುಗೆಯವನು.

ನಾವಿಕ ಹೋದ ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವನು ತಗಡಿನ ಪೆಟ್ಟಿಗೆ ಹಿಡಿದು ಬೆಂಚಿನ ಮೇಲೆ ಕೂತಿದ್ದ. ಹಾಸಿಗೆ ಮನೆಯಲ್ಲಿತ್ತು.

ಅಂದಿನಿಂದ ಅವನು ಪಾಳಿ ಒಪ್ಪಿಸಲು ಒಬ್ಬನನ್ನು ಹುಡುಕತೊಡಗಿದ. ಸುಬೇದಾರನ ಮನೆಗೆ ಹೋಗಿ ಬಾಯಿ ತೆರೆದ. ಸುಬೇದಾರ ಕೂಡಲೇ ಟವೆಲು ಬಾಯಿಗೆ ಒತ್ತಿಕೊಂಡು ಕೆಮ್ಮಿದ. ಅಡುಗೆಯವನು ಹೊರಡುವ ತನಕ ಕೆಮ್ಮು ನಿಲ್ಲಲಿಲ್ಲ. ಫಿರಂಗಿಯವನ ಮನೆಗೆ ಹೋದ. ಬಾಗಿಲಲ್ಲಿ ಅವನನ್ನು ಕಂಡವನೇ ಫಿರಂಗಿಯವನು, "ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ" ಎಂದ.

"ನಾನಿನ್ನೂ ಏನೂ ಹೇಳಿಲ್ಲವಲ್ಲ!"

"ಅದೂ ಕೇಳಿಸಲಿಲ್ಲ."

ಊರಿನಲ್ಲಿ ಹಡಗಿನಿಂದ ಬಂದವರು ಇನ್ನೂ ಐದಾರು ಮಂದಿ ಇದ್ದರು. ಅವರು ಅಡುಗೆಯವನನ್ನು ಕಂಡರೆ ಅಡ್ಡರಸ್ತೆ ಹಿಡಿಯುತ್ತಿದ್ದರು. ಅವನ ಎದುರು ಯಾರೂ ಹೂಂ ಎನ್ನುತ್ತಿರಲಿಲ್ಲ. ಚಹಾದ ಅಂಗಡಿಯಲ್ಲಿ ಅವನು "ಸಕ್ಕರೆ ಕಡಿಮೆಯಾಯಿತು, ಅಲ್ಲವೇ?" ಎಂದರೂ ಪಕ್ಕದವರು ಆಕಾಶ ನೋಡುತ್ತಿದ್ದರು.

ಕೊನೆಗೆ ಅವನು ದೇವಸ್ಥಾನಕ್ಕೆ ಹೋದ. ಯಾರೂ ಇಲ್ಲದ ಹೊತ್ತು ನೋಡಿ, ಕೈ ಮುಗಿದು, "ಸ್ವಾಮೀ, ನಿನಗೆ ಎಲ್ಲವೂ ಕಾಣುತ್ತದೆ, ನಾನು ಬೇರೆ ಹೇಳಬೇಕಾಗಿಲ್ಲ. ಪಾಳಿ ನಿನ್ನದು" ಎಂದ. ಬಹಳ ಹೊತ್ತು ಕಾದ. ದೇವರೂ ಏನೂ ಅನ್ನಲಿಲ್ಲ. ದೇವರಿಗೂ ಹಡಗಿನ ಪದ್ಧತಿ ಗೊತ್ತಿರಬೇಕು ಎಂದುಕೊಂಡು ತೀರ್ಥ ತೆಗೆದುಕೊಂಡು ಮನೆಗೆ ಬಂದ.

ಅಡುಗೆಯವನಿಗೆ ಅರ್ಜಿ ಬರೆಯುವ ಅಭ್ಯಾಸವಿರಲಿಲ್ಲ. ಜೀವನದಲ್ಲಿ ಅವನು ಬರೆದದ್ದೆಲ್ಲ ಅಡುಗೆಯ ವಿಧಾನ. ಕಣ್ಣು ಮಂಜಾದ ಸೈನಿಕನಿಗಾಗಿ ಅವನು ಹೀಗೆ ಬರೆದ: "ಮೊದಲು ಈ ಅರ್ಜಿದಾರನನ್ನು ತೆಗೆದುಕೊಳ್ಳುವುದು. ಚೆನ್ನಾಗಿ ನೋಡುವುದು. ಎರಡೂ ಕಣ್ಣಿಗೆ ಪೊರೆ ಕಟ್ಟಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಹಾಕುವುದು. ಆರಲು ಬಿಡಬಾರದು." ಗುಮಾಸ್ತ ಓದಿ ನಕ್ಕ. ಪಕ್ಕದವನನ್ನು ಕರೆದು ಓದಿಸಿದ. ಅವನು ಮೇಲಿನವನಿಗೆ ಒಯ್ದು ತೋರಿಸಿದ. ಹೀಗೆ ನಕ್ಕು ನಕ್ಕು ಆ ಅರ್ಜಿ ಎಲ್ಲ ಮೇಜುಗಳನ್ನೂ ದಾಟಿ ಸಂಜೆಯೊಳಗೆ ಸಹಿಯಾಗಿ ಬಂತು. ನಾವಿಕನ ಕಾಲದಲ್ಲಿ ಅದಕ್ಕೆ ಎರಡು ವಾರ ಹಿಡಿಯುತ್ತಿತ್ತು.

ಇನ್ನೊಂದು ಹೊಸದು ನಡೆಯಿತು. ಕಾಯುವವರು ಬರಿಹೊಟ್ಟೆಯಲ್ಲಿ ಕೂತದ್ದು ಅಡುಗೆಯವನಿಗೆ ನೋಡಲಾಗಲಿಲ್ಲ. ಒಂದು ಪಾತ್ರೆ ಗಂಜಿ, ಸ್ವಲ್ಪ ಚಟ್ನಿ ತರತೊಡಗಿದ. ವಾಸನೆಗೆ ಗುಮಾಸ್ತರೂ ಹೊರಗೆ ಬಂದರು. ಬೆಂಚಿನ ಮೇಲೆ ಅರ್ಜಿದಾರನ ಪಕ್ಕದಲ್ಲೇ ಕೂತು ಗಂಜಿ ಕುಡಿದವನು ಎದ್ದು ಹೋಗಿ ಅವನಿಗೇ "ನಾಳೆ ಬಾ" ಎನ್ನುವುದು ಸ್ವಲ್ಪ ಕಷ್ಟ.

ಆದರೂ ಅಡುಗೆಯವನ ಮನಸ್ಸು ಹಾಸಿಗೆಯಲ್ಲೇ ಇತ್ತು. ಹತ್ತು ಗಂಟೆಗೆ ಅವನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುವಾಗ, "ನೀನು ಸುಖವಾಗಿ ಮಲಗಿದೆ, ನನ್ನ ನಿದ್ದೆ ಕದ್ದೆ" ಎಂದು ನಾವಿಕನನ್ನು ಬೈಯುತ್ತಿದ್ದ.

ಹೀಗೆ ವರ್ಷ ತುಂಬುತ್ತ ಬಂತು. ನಾವಿಕನನ್ನು ನೆನೆಯಲು ಏನಾದರೂ ಮಾಡಬೇಕು ಎಂದು ಸಂಘದವರು ಸಭೆ ಸೇರಿದರು. ಕಚೇರಿಯ ಪಕ್ಕದ ವೃತ್ತದಲ್ಲಿ ಪ್ರತಿಮೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಟೋಪಿ ಬಲಕ್ಕೆ ವಾಲಬೇಕೋ ಎಡಕ್ಕೆ ವಾಲಬೇಕೋ ಎಂದು ಎರಡು ಸಭೆ ನಡೆದವು. ಕೈಯಲ್ಲಿ ಹಡಗಿನ ಚುಕ್ಕಾಣಿ ಇರಲಿ ಎಂದ ಸುಬೇದಾರ.

"ಅವನು ಯಂತ್ರದ ಕೋಣೆಯವನು, ಚುಕ್ಕಾಣಿ ಕಣ್ಣಿನಲ್ಲೂ ಕಂಡವನಲ್ಲ" ಎಂದ ಅಡುಗೆಯವನು.

"ಸತ್ತ ಮೇಲಾದರೂ ಹಿಡಿಯಲಿ ಮಾರಾಯ, ನಿನಗೇನು ಕಷ್ಟ?" ಎಂದ ಸುಬೇದಾರ.

ಅಡುಗೆಯವನಿಗೆ ಆಗ ಒಂದು ಯೋಚನೆ ಹೊಳೆಯಿತು. ಸುಬೇದಾರನಿಗೆ ವೇದಿಕೆಯೆಂದರೆ ಪ್ರಾಣ. "ಸುಬೇದಾರರೇ, ಅನಾವರಣದ ದಿನ ಎಲ್ಲರ ಎದುರು, ಮೈಕಿನಲ್ಲಿ, ನಾನು ತಮಗೆ ಪಾಳಿ ಒಪ್ಪಿಸಿದರೆ ಹೇಗೆ? ಪತ್ರಿಕೆಯವರೂ ಬರುತ್ತಾರೆ" ಎಂದ. ಸುಬೇದಾರ ಈ ಸಲ ಟವೆಲು ಬಾಯಿಗೆ ಒತ್ತಿಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿದ. "ವೇದಿಕೆಯ ಮೇಲಾದರೆ ಆಗಬಹುದು" ಎಂದ. ಅಂದಿನಿಂದ ಅವನು ಕನ್ನಡಿಯ ಎದುರು ನಿಂತು, ದಪ್ಪ ಸ್ವರದಲ್ಲಿ, ಪಾಳಿ ನನ್ನದು, ಪಾಳಿ ನನ್ನದು ಎಂದು ಅಭ್ಯಾಸ ಮಾಡುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಅಡುಗೆಯವನು ಹಾಸಿಗೆ ಬಿಸಿಲಿಗೆ ಹಾಕಿದ. ದಿಂಬಿಗೆ ಹೊಸ ಹತ್ತಿ ತುಂಬಿಸಿದ.

ಆ ದಿನ ಬಂತು. ಪಾಳಿ ಒಪ್ಪಿಸುವುದು ಹನ್ನೊಂದಕ್ಕೆ. ವೇದಿಕೆ ಬೆಂಚಿನಿಂದ ಐವತ್ತು ಹೆಜ್ಜೆ. ನಿವೃತ್ತರೆಲ್ಲ ಅಲ್ಲೇ ಸೇರಿದ್ದರು. ಗುಮಾಸ್ತರು ಅಲ್ಲಿದ್ದರು. ಕಚೇರಿಯ ಅಧಿಕಾರಿಯೇ ಮುಖ್ಯ ಅತಿಥಿ. ಇಂದು ಬೆಂಚಿಗೆ ಯಾರೂ ಬರುವವರಿಲ್ಲ ಎಂದು ಅಡುಗೆಯವನು ಹತ್ತೂವರೆಗೆ ಪೆಟ್ಟಿಗೆ ಮುಚ್ಚಿದ.

ಮುಚ್ಚಿ ತಲೆ ಎತ್ತಿದರೆ ಎದುರಿಗೆ ಒಬ್ಬ ಸಿಪಾಯಿ ನಿಂತಿದ್ದ. ಘಟ್ಟದ ಮೇಲಿನ ಹಳ್ಳಿಯವನು. ಎಡಗಾಲು ಮರದ್ದು. ಅದು ಸೀಳಿಹೋಗಿ, ಸೈಕಲ್ಲಿನ ಟ್ಯೂಬು ಸುತ್ತಿ ಕಟ್ಟಿತ್ತು.

"ಅಣ್ಣಾ, ಅರ್ಜಿ ಬರೆದುಕೊಡುವ ನಾವಿಕರು ನೀವೇನಾ?" ಎಂದ.

"ನಾವಿಕರು ಅಲ್ಲಿ ಬಟ್ಟೆ ಹೊದ್ದು ನಿಂತಿದ್ದಾರೆ. ನಾನು ಅಡುಗೆಯವನು. ಏನಾಗಬೇಕು?"

"ಜಿಲ್ಲಾ ಆಸ್ಪತ್ರೆಯಲ್ಲಿ ಕಾಲು ಕೊಡುತ್ತಾರಂತೆ. ಹೆಸರು ಬರೆಸಲು ಇಂದು ಹನ್ನೆರಡು ಗಂಟೆಯೇ ಕೊನೆ. ಇಲ್ಲಿನ ಸಾಹೇಬರ ಸಹಿ ಬೇಕಂತೆ. ಇದು ತಪ್ಪಿದರೆ ಇನ್ನು ಮೂರು ವರ್ಷ ಇಲ್ಲ."

"ಕಾಲು ಹೋಗಿ ಎಷ್ಟು ವರ್ಷವಾಯಿತು?"

"ಇಪ್ಪತ್ತಾರು."

"ಇಪ್ಪತ್ತಾರು ವರ್ಷ ಬಾರದವನು ಇವತ್ತೇ ಬರಬೇಕಿತ್ತೇ ನೀನು?"

"ನಮ್ಮೂರಿಗೆ ಬಸ್ಸು ಬಂದದ್ದೇ ಮೊನ್ನೆ, ಅಣ್ಣಾ" ಎಂದ ಸಿಪಾಯಿ, ತನ್ನದೇ ತಪ್ಪು ಎನ್ನುವಂತೆ.

"ನಾಳೆ ಬಾ" ಎಂಬ ಮಾತು ಅಡುಗೆಯವನ ಗಂಟಲಿಗೆ ಬಂತು. ನಾಲಿಗೆಗೂ ಬಂತು. ಅವನು ಪೆಟ್ಟಿಗೆಯ ಕಡೆ ನೋಡಿ ಆ ಮಾತನ್ನು ನುಂಗಿದ. ಪೆಟ್ಟಿಗೆ ತೆರೆದು ಅರ್ಜಿ ಬರೆದ. ಎಷ್ಟು ಬೇಗ ಬರೆದರೂ ಕಾಲಿನ ಅಳತೆ, ಗಾಯದ ವಿವರ, ಸೇನೆ ಬಿಟ್ಟ ಪುಸ್ತಕದ ಸಂಖ್ಯೆ ಎಂದು ಅರ್ಧ ತಾಸಾಯಿತು. ಅಷ್ಟರಲ್ಲಿ ಧ್ವನಿವರ್ಧಕ ಕೂಗಿತು: "ಈಗ ನಮ್ಮ ಅಡುಗೆಯವರು ವೇದಿಕೆಗೆ ಬಂದು, ಅಧ್ಯಕ್ಷರಿಗೆ ಪಾಳಿ ಒಪ್ಪಿಸಬೇಕಾಗಿ ವಿನಂತಿ."

ಅಡುಗೆಯವನು ಅರ್ಜಿ ಹಿಡಿದು ವೇದಿಕೆ ಹತ್ತಿದ. ಹಿಂದೆ ಸಿಪಾಯಿ, ಟಕ್ ಟಕ್ ಎಂದು. ಸುಬೇದಾರ ಎದೆ ಉಬ್ಬಿಸಿ ನಿಂತಿದ್ದ. ಅಡುಗೆಯವನು ಅವನನ್ನು ದಾಟಿ ಹೋಗಿ ಅಧಿಕಾರಿಯ ಮುಂದೆ ಕಾಗದ ಹಿಡಿದ. ಇದೂ ಕಾರ್ಯಕ್ರಮದ ಒಂದು ಭಾಗ ಇರಬೇಕೆಂದು ಅಧಿಕಾರಿ ಸಹಿ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಅವನು ಸುಬೇದಾರನ ಎದುರು ಬಂದು ಹಿಮ್ಮಡಿ ಕೂಡಿಸಿ ನಿಂತ. ಪದ್ಧತಿಯಂತೆ, ಎದುರಿಗೆ ಕಾಣುವುದನ್ನು ಮೊದಲು ಹೇಳಬೇಕಲ್ಲ.

"ಕಾಣುತ್ತಿರುವುದು ಒಬ್ಬ ಸಿಪಾಯಿ" ಎಂದು ಮೈಕಿನಲ್ಲಿ ಹೇಳಿದ. "ಎಡಗಾಲು ಇಲ್ಲ. ಆಸ್ಪತ್ರೆಯ ಪಟ್ಟಿ ಹನ್ನೆರಡಕ್ಕೆ ಮುಚ್ಚುತ್ತದೆ. ಈಗ ಹನ್ನೊಂದೂ ಹತ್ತು. ಇವನನ್ನು ಕರೆದುಕೊಂಡು ಕೂಡಲೇ ಹೊರಡಬೇಕು. ಸುಬೇದಾರರೇ, ಪಾಳಿ ನಿಮ್ಮದು."

ಸುಬೇದಾರ ಬಾಯಿ ತೆರೆದವನು ಹಾಗೆಯೇ ನಿಂತ. ಕನ್ನಡಿಯ ಎದುರು ಮಾಡಿದ ಅಭ್ಯಾಸದಲ್ಲಿ ಸಿಪಾಯಿ ಇರಲಿಲ್ಲ.

"ಈಗಲೇನಾ?" ಎಂದ ಮೆಲ್ಲಗೆ. "ಪರದೆ ಇನ್ನೂ ಸರಿಸಿಲ್ಲ ಮಾರಾಯ. ನನ್ನ ಭಾಷಣ ಉಂಟು. ಆಮೇಲೆ ಊಟ ಉಂಟು. ಇವನು ನಾಳೆ ಬರಲಿ."

ಮೆಲ್ಲಗೆ ಹೇಳಿದರೂ ಮೈಕು ಎದುರಿಗೇ ಇತ್ತು. ನಾಳೆ ಬರಲಿ ಎಂಬುದು ವೃತ್ತಕ್ಕೆಲ್ಲ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ಆ ಬೆಂಚಿನ ಮೇಲೆ ಕೂತವರು. ಅವರು ತಲೆ ತಗ್ಗಿಸಿದರು. ಬಟ್ಟೆಯೊಳಗೆ ನಿಂತಿದ್ದವನಿಗೂ ಕೇಳಿಸಿರಬೇಕು.

ಅಡುಗೆಯವನ ಕಣ್ಣ ಮುಂದೆ ಅವನ ಹಾಸಿಗೆ ಬಂತು, ಹೊಸ ಹತ್ತಿಯ ದಿಂಬು ಸಹಿತ. ಇನ್ನು ಒಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು. ಸುಬೇದಾರ ಆ ಎರಡು ಮಾತು ಹೇಳುತ್ತಿದ್ದ, ಪಾಳಿ ಹೋಗುತ್ತಿತ್ತು, ಸಿಪಾಯಿಯೂ ಹೋಗುತ್ತಿದ್ದ. ಅವನು ಸಿಪಾಯಿಯ ಕಾಲಿನ ಟ್ಯೂಬು ನೋಡಿದ.

"ಹಾಗಾದರೆ ಪಾಳಿ ನನ್ನದು" ಎಂದ.

ಈ ಸಲ ಹೇಳಿದ್ದು ಬಾಯಲ್ಲ.

ಹಿಂದಿನ ಸಾಲಿನಿಂದ ಯಾರೋ "ಕೇಳಿಸಿತು!" ಎಂದು ಕೂಗಿದರು. ನೋಡಿದರೆ ಫಿರಂಗಿಯವನು. ಎದ್ದು, ಪಂಚೆ ಮೇಲೆ ಕಟ್ಟಿ, "ನನ್ನ ಸ್ಕೂಟರು ಉಂಟು, ಬನ್ನಿ" ಎಂದ. ಮೂವರು, ಐದು ಕಾಲು, ಒಂದು ಸ್ಕೂಟರು. ಬಿಚ್ಚಿದ ಮರದ ಕಾಲನ್ನು ಅಡುಗೆಯವನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಸಂಚಾರ ಪೊಲೀಸನೊಬ್ಬ ಕೈ ಅಡ್ಡ ಹಿಡಿದವನು ಅದನ್ನು ನೋಡಿ ಕೈ ಕೆಳಗಿಳಿಸಿದ. ದೇವರ ದಯೆ, ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಪಟ್ಟಿಯಲ್ಲಿ ಹೆಸರು ಬಿತ್ತು.

ಇತ್ತ ಪ್ರತಿಮೆಯ ಪರದೆ ಸರಿಸಿದರು. ಸುಬೇದಾರ ಭಾಷಣ ಮಾಡಿದ. ನಾವಿಕನನ್ನು ನಾವು ಎಂದಿಗೂ ಮರೆಯುವುದಿಲ್ಲ ಎಂದು ಒಂಬತ್ತು ಸಲ ಹೇಳಿದ. ಮರುದಿನದ ಪತ್ರಿಕೆಯಲ್ಲಿ, ಅಡುಗೆಯವನೊಬ್ಬ ಸಮಾರಂಭದ ನಡುವೆ ಎದ್ದು ಹೋಗಿ ಮಹನೀಯರ ನೆನಪಿಗೆ ಅಗೌರವ ತೋರಿದ ಎಂದು ಬಂತು.

ಆ ಪತ್ರಿಕೆಯನ್ನು ಹಿಡಿದುಕೊಂಡೇ ಫಿರಂಗಿಯವನು ಬೆಂಚಿಗೆ ಬಂದ. "ಮಂಗಳವಾರದ ಪಾಳಿ ನನಗೆ ಕೊಡು. ಆ ಒಂದು ದಿನ ನನಗೆ ಕಿವಿ ಕೇಳಿಸುತ್ತದೆ" ಎಂದ. ಅಡುಗೆಯವನು ಸಂತೋಷದಿಂದ ಪಾಳಿ ಒಪ್ಪಿಸಿದ. ಮಂಗಳವಾರ ಒಂಬತ್ತಕ್ಕೆ ಹಾಸಿಗೆಯಲ್ಲಿ ಮಲಗಿದ. ಬಲಕ್ಕೆ ಹೊರಳಿದ, ಎಡಕ್ಕೆ ಹೊರಳಿದ. ದಿಂಬು ತಿರುಗಿಸಿ ಹಾಕಿದ. ಹತ್ತಕ್ಕೆ ಎದ್ದು ಗಂಜಿ ಕಾಸಿಕೊಂಡು ಬೆಂಚಿಗೆ ಬಂದ. "ಪಾಳಿಗೆ ಬಂದದ್ದಲ್ಲ, ಗಂಜಿ ಆರಿಹೋಗುತ್ತದೆ ಎಂದು ಬಂದೆ" ಎಂದ. ಯಾರೂ ಏನೂ ಕೇಳಿರಲಿಲ್ಲ.

ಒಂದು ದಿನ ಸುಬೇದಾರ ಪ್ರತಿಮೆಗೆ ಹಾರ ಹಾಕಲು ಬಂದವನು ಬೆಂಚಿನ ಹತ್ತಿರ ನಿಂತು, "ನೀನು ಅವನ ಗೆಳೆಯ. ಒಂದು ದಿನವಾದರೂ ಒಂದು ಹೂವು ಹಾಕಿದ್ದನ್ನು ಕಾಣೆ. ಅವನ ನೆನಪು ಉಂಟೋ ಇಲ್ಲವೋ?" ಎಂದು ಕೇಳಿದ.

"ನೆನಪೇ?" ಎಂದ ಅಡುಗೆಯವನು. "ದಿನಾ ಬೆಳಿಗ್ಗೆ ಎಂಟಕ್ಕೆ ಬೈಯುತ್ತೇನೆ."

ಇಷ್ಟು ಹೇಳಿ ಗುರುಗಳು ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. ಕತೆ ಅವನ ಮನಸ್ಸಿಗೆ ಬಹಳ ತಾಕಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಟೇಪು ಕೈಗೆತ್ತಿಕೊಂಡು, "ಅಂದರೆ ಗುರುಗಳೇ, ಆಡಂಬರ ಬೇಡ, ಐದು ಅಡಿಯ ಪಟವೇ ಸಾಕು ಎಂದು ತಮ್ಮ ಅಪ್ಪಣೆಯೇ?" ಎಂದು ಕೇಳಿದ.

ಗುರುಗಳು ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಒಂದು ಸ್ವರ ಬಂತು. ಬಿಸಿಲಿನಲ್ಲಿ ನಡೆದು ಬಂದ ಯಾರೋ ದಾರಿಹೋಕ.

"ಸ್ವಾಮೀ, ಇಲ್ಲಿ ಮೊದಲು ಮಜ್ಜಿಗೆ ಕೊಡುತ್ತಿದ್ದರಲ್ಲ, ಈಗ ಉಂಟೇ?"

ಶಿಷ್ಯ ತಿರುಗಿಯೂ ನೋಡದೆ ಬಾಗಿಲ ಕಡೆ ಕೂಗಿದ: "ಹರವಿ ಪೂಜೆಯಲ್ಲಿದೆಯಪ್ಪಾ! ದೊಡ್ಡ ಗುರುಗಳ ಆರಾಧನೆಯ ಕೆಲಸದಲ್ಲಿದ್ದೇವೆ, ಇನ್ನೊಂದು ದಿನ ಬಾ!"

ಕೂಗಿದ ಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ಟೇಪು ಅವನ ಬೆರಳಿನಿಂದ ಜಾರಿ ಸರ್ರೆಂದು ತನ್ನ ಡಬ್ಬಿಯೊಳಗೆ ಸುತ್ತಿಕೊಂಡಿತು. ಅವನು ಗುರುಗಳ ಮುಖ ನೋಡಿದ.

ಗುರುಗಳು ಮೃದುವಾಗಿ ಕೇಳಿದರು:

"ಪಾಳಿ ಯಾರದು, ಮಗೂ?"